ಬೆಟ್ಟವೇರುವ ನವಮಿ

ನಾನಿಂದು ಹೇಳಹೊರಟಿರುವುದು ಚೀನೀಯರ ಚೋಂಗ್‌ಯಾಂಗ್ ಹಬ್ಬದ ವಿಚಾರ. ಅವರ ಚಾಂದ್ರಮಾನದ ಒಂಬತ್ತನೆಯ ತಿಂಗಳ ಒಂಬತ್ತನೆಯ ದಿನ ಅದು. ಅನೇಕ ವರ್ಷಗಳಲ್ಲಿ ನಮ್ಮ ಮಹಾನವಮಿಯ ಆಸುಪಾಸಿನಲ್ಲೇ ಬರುತ್ತದೆ. ಬೆಸ ಸಂಖ್ಯೆಗಳು ‘ಯಾಂಗ್’, ಎಂದರೆ ಬೆಳಕು ಹಾಗೂ ಶಾಖದ ತತ್ತ್ವಕ್ಕೆ ಸೇರಿದವೆಂದು ಅವರ ಎಣಿಕೆ. ಆ ಯಾಂಗ್ ಇಮ್ಮಡಿಯಾದ ದಿನವೇ ಚೋಂಗ್‌ಯಾಂಗ್.

ಐತಿಹ್ಯದಲ್ಲಿ ಈ ಹಬ್ಬದ ಮೂಲ ಭಯ. ಹುವಾನ್ ಜಿಂಗ್ ಎಂಬಾತನಿಗೆ ಗುರು ಎಚ್ಚರಿಸಿದನಂತೆ: ಆ ದಿನ ನಿನ್ನ ಮನೆಗೆ ಕೇಡು ಕಾದಿದೆ, ಝುಯು ಗಿಡದ ಕಾಯಿಗಳ ಚೀಲವನ್ನು ತೋಳಿಗೆ ಕಟ್ಟಿಕೊಂಡು ಮನೆಮಂದಿಯೊಡನೆ ಬೆಟ್ಟವೇರು, ಸೇವಂತಿಗೆಯ ಮದ್ಯ ಕುಡಿ. ಸಂಜೆ ಹಿಂದಿರುಗಿದಾಗ ಕೋಳಿ, ನಾಯಿ, ದನಕುರಿಗಳೆಲ್ಲ ಸತ್ತುಬಿದ್ದಿದ್ದವು. ಬೆಟ್ಟವೇರುವ ಪದ್ಧತಿ ಅಂದಿನಿಂದ ಬಂದಿತೆನ್ನುತ್ತಾರೆ.

ತಾಂಗ್ ಕಾಲದ ಕವಿ ವಾಂಗ್ ವೇ, 17ರ ಹರೆಯದಲ್ಲಿ ಪರಸ್ಥಳದಲ್ಲಿದ್ದು, ಈ ದಿನ ಒಡಹುಟ್ಟಿದವರನ್ನು ನೆನೆದು ಕವಿತೆ ಬರೆದ. ಭಯದ ಹಬ್ಬ ಆಗಲೇ ಅಗಲಿಕೆಯ ಹಬ್ಬವೂ ಆಗಿತ್ತು.

ಬೆಟ್ಟವೇರಲಾರದ ಮುದುಕರ ಗತಿ? ‘ಗಾವೋ’ ಎಂದರೆ ಎತ್ತರ. ಹಬೆಯಲ್ಲಿ ಬೆಂದ ಹಿಟ್ಟಿನ ಕಡುಬಿಗೂ ಅದೇ ಉಚ್ಚಾರ. ಕಡುಬು ತಿಂದರೂ ಎತ್ತರವೇರಿದಂತೆಯೇ! ‘ಒಂಬತ್ತು’ ಮತ್ತು ‘ಬಹುಕಾಲ’ ಎಂಬ ಮಾತುಗಳಿಗೂ ಅಲ್ಲಿ ಧ್ವನಿ ಒಂದೇ. ಹೀಗೆ ಇದು ದೀರ್ಘಾಯುಷ್ಯದ ದಿನವಾಯಿತು.

2012ರಲ್ಲಿ ತಿದ್ದುಪಡಿಯಾಗಿ 2013ರಲ್ಲಿ ಜಾರಿಗೆ ಬಂದ ಚೀನೀ ಕಾಯಿದೆ ಇದನ್ನು ವೃದ್ಧರ ದಿನವೆಂದು ಗೊತ್ತುಮಾಡಿತು. ಬೇರೆಯಾಗಿ ಬಾಳುವ ಮಕ್ಕಳು ಹೆತ್ತವರನ್ನು ಆಗಾಗ ಕಂಡುಬರಬೇಕು, ಇಲ್ಲವೇ ಕ್ಷೇಮ ವಿಚಾರಿಸಬೇಕು ಎಂದೂ ಅದು ವಿಧಿಸಿದೆ. ಸಾವಿಗೆ ಅಂಜಿ ಮನೆ ಬಿಟ್ಟವರ ಹಬ್ಬ ಈಗ ಮಕ್ಕಳನ್ನು ಮನೆಗೆ ಕರೆಯುತ್ತಿದೆ. ಕರೆಯಲು ಕಾಯಿದೆಯೇ ಬೇಕಾಯಿತೆಂಬುದು ನನಗೆ ಆ ಹಳೆಯ ಕತೆಗಿಂತ ಹೆಚ್ಚು ದಿಗಿಲು ಹುಟ್ಟಿಸುತ್ತದೆ.