ವಸ್ತುವಿನಿಂದ ಪ್ರಕ್ರಿಯೆಗೆ: ಬ್ರಸೆಲ್ಸ್‌ನ ಗ್ಯೂಜ್ ಬಿಯರ್ ವಸ್ತುಸಂಗ್ರಹಾಲಯ

ಭೌತಿಕ ಸಂಸ್ಕೃತಿಯ ಅಧ್ಯಯನದಲ್ಲಿ ವಸ್ತುಸಂಗ್ರಹಾಲಯಗಳಿಗೆ ಮಹತ್ವದ ಸ್ಥಾನವಿದೆ. ಆದರೆ ಸಾಮಾನ್ಯವಾಗಿ ವಸ್ತುವೊಂದು ಬಳಕೆಯಿಂದ ದೂರವಾದ ಮೇಲೆಯೇ ಅಲ್ಲಿಗೆ ಬಂದು ಸೇರುತ್ತದೆ. ಪಾತ್ರೆ ಉಳಿಯುತ್ತದೆ, ಅದರಲ್ಲಿ ಹುದುಗು ಬರಿಸುತ್ತಿದ್ದವರ ತಿಳಿವಳಿಕೆ ಉಳಿಯುವುದಿಲ್ಲ. ಈ ಸಮಸ್ಯೆಯನ್ನು ಬೇರೊಂದು ಬಗೆಯಲ್ಲಿ ಎದುರಿಸಿದ ಸಂಸ್ಥೆಯೆಂದರೆ ಬೆಲ್ಜಿಯಂನ ಬ್ರಸೆಲ್ಸ್ ನಗರದ ಗ್ಯೂಜ್ ವಸ್ತುಸಂಗ್ರಹಾಲಯ.

ಆಂಡರ್ಲೆಕ್ಟ್ ಭಾಗದಲ್ಲಿ 1900ರಲ್ಲಿ ಸ್ಥಾಪನೆಗೊಂಡ ಕ್ಯಾಂಟಿಯೋನ್ ಎಂಬ ಕೌಟುಂಬಿಕ ಬಿಯರ್ ತಯಾರಿಕಾಲಯವೇ ಇದರ ನೆಲೆ. ‘ಲ್ಯಾಂಬಿಕ್’ ಎಂಬ ಪಾರಂಪರಿಕ ಬಿಯರ್‌ಗೆ ಬೇಡಿಕೆ ಕುಗ್ಗಿದ್ದ ಕಾಲದಲ್ಲಿ, 1978ರಲ್ಲಿ, ಜ್ಯಾಂ-ಪಿಯೇರ್ ವಾನ್ ರಾಯ್ ಅವರು ತಯಾರಿಕೆಯನ್ನು ನಿಲ್ಲಿಸದೆಯೇ ಇದನ್ನು ವಸ್ತುಸಂಗ್ರಹಾಲಯವಾಗಿಯೂ ತೆರೆದರು. ಸಂದರ್ಶಕರು ಇಲ್ಲಿ ನೋಡುವುದು ಇಂದಿಗೂ ದುಡಿಯುತ್ತಿರುವ ಸಲಕರಣೆಗಳನ್ನು.

ಸುಮಾರು ಮೂರನೆಯ ಎರಡು ಪಾಲು ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಉಳಿದ ಪಾಲು ಮೊಳಕೆ ಬರಿಸದ ಗೋಧಿ ಇದರ ಧಾನ್ಯ. ಧಾನ್ಯದ ರಸವನ್ನು ಹಳೆಯ ಹಾಪ್ ಹೂಗಳೊಡನೆ ಕುದಿಸುತ್ತಾರೆ. ಹಳತಾದ ಹೂವಿನಲ್ಲಿ ಕಹಿ ಕಡಿಮೆಯಾಗಿದ್ದರೂ ಕೆಡದಂತೆ ಕಾಯುವ ಗುಣ ಉಳಿದಿರುತ್ತದೆ. ಅನಂತರ ಆ ರಸ ಅಟ್ಟದ ಮೇಲಿನ ಅಗಲವಾದ ತೆರೆದ ತಾಮ್ರದ ತೊಟ್ಟಿಯಲ್ಲಿ ಇಡೀ ರಾತ್ರಿ ಆರುತ್ತದೆ. ಯಾರೂ ಯೀಸ್ಟ್ ಬೆರೆಸುವುದಿಲ್ಲ. ಗಾಳಿಯಲ್ಲಿಯೂ ಮರದ ಪೀಪಾಯಿಗಳಲ್ಲಿಯೂ ನೆಲೆಸಿರುವ ಸೂಕ್ಷ್ಮಜೀವಿಗಳೇ ಹುದುಗು ಬರಿಸುತ್ತವೆ. ಬೇಸಿಗೆಯಲ್ಲಿ ಬೇಡದ ಜೀವಿಗಳು ಹೆಚ್ಚುವುದರಿಂದ ಈ ಕೆಲಸ ಚಳಿಯ ತಿಂಗಳುಗಳಿಗೆ ಸೀಮಿತ. ಕೀಟಗಳನ್ನು ಹಿಡಿಯುತ್ತವೆಂಬ ಕಾರಣದಿಂದ ಜೇಡರಬಲೆಗಳನ್ನೂ ತೆಗೆಯುವುದಿಲ್ಲ. ಒಂದು, ಎರಡು ಮತ್ತು ಮೂರು ವರ್ಷ ಮಾಗಿದ ಲ್ಯಾಂಬಿಕ್‌ಗಳನ್ನು ಬೆರೆಸಿ ಬಾಟಲಿಗೆ ತುಂಬಿದಾಗ, ಎಳೆಯದರಲ್ಲಿ ಉಳಿದ ಸಕ್ಕರೆಯಿಂದ ಮತ್ತೆ ಹುದುಗೆದ್ದು ನೊರೆಯುಳ್ಳ ‘ಗ್ಯೂಜ್’ ಸಿದ್ಧವಾಗುತ್ತದೆ.

ಆಧುನಿಕ ವಿಧಾನ ಇದಕ್ಕೆ ಭಿನ್ನ. ಲೂಯಿ ಪಾಶ್ಚರ್ 1876ರಲ್ಲಿ ಬಿಯರ್ ಕುರಿತ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. 1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಕೋಶದಿಂದ ಶುದ್ಧ ಯೀಸ್ಟನ್ನು ಬೆಳೆಸಿದರು. ಇದರಿಂದ, ಎಲ್ಲಿ ತಯಾರಿಸಿದರೂ ಒಂದೇ ರುಚಿಯನ್ನು ಪಡೆಯುವುದು ಸಾಧ್ಯವಾಯಿತು. ಆದರೆ ಪರಂಪರೆ ಮತ್ತು ವಿಜ್ಞಾನಗಳನ್ನು ವಿರೋಧಿಗಳೆಂದು ಭಾವಿಸಬೇಕಾಗಿಲ್ಲ. ಲ್ಯಾಂಬಿಕ್‌ಗೆ ವಿಶಿಷ್ಟ ಪರಿಮಳ ನೀಡುವ ಯೀಸ್ಟ್ ಪ್ರಭೇದವನ್ನು ಗುರುತಿಸಿ ಅದಕ್ಕೆ ‘ಬ್ರೆಟ್ಟನೊಮೈಸಿಸ್ ಬ್ರಕ್ಸೆಲೆನ್ಸಿಸ್’ ಎಂದು ಬ್ರಸೆಲ್ಸ್ ನಗರದ ಹೆಸರನ್ನೇ ಇಟ್ಟಿರುವುದು ವಿಜ್ಞಾನವೇ.

ಯುನೆಸ್ಕೊ ಸಂಸ್ಥೆಯು 2016ರಲ್ಲಿ ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಈ ಪರಂಪರೆ ಎಷ್ಟರಮಟ್ಟಿಗೆ ಅಮೂರ್ತವೆಂಬುದನ್ನು ಕ್ಯಾಂಟಿಯೋನ್‌ನ ಅಟ್ಟ ತೋರಿಸುತ್ತದೆ: ತಾಮ್ರದ ತೊಟ್ಟಿಯನ್ನು ಬೇರೆಡೆಗೆ ಸಾಗಿಸಬಹುದು, ಆ ಅಟ್ಟದ ಗಾಳಿಯನ್ನು ಸಾಗಿಸಲಾಗದು. ಹೆಪ್ಪಿಗಾಗಿ ನೆರೆಮನೆಯ ಬಾಗಿಲಿಗೆ ಹೋಗಿಬರುವ ನಮ್ಮ ಜನರಿಗೆ ಈ ಮಾತು ಅಪರಿಚಿತವಲ್ಲ. ಮೊಸರಿನ ಗಡಿಗೆ, ಕಡಗೋಲುಗಳನ್ನು ಸಂಗ್ರಹಿಸುವ ಕ್ಷೇತ್ರಕಾರ್ಯಕರ್ತರು ಹೆಪ್ಪು ಯಾವ ಮನೆಯಿಂದ ಬಂತು, ಯಾವ ಋತುವಿನಲ್ಲಿ ಎಷ್ಟು ಹಾಕುತ್ತಿದ್ದರು ಎಂಬುದನ್ನೂ ದಾಖಲಿಸಬೇಕು. ಅದನ್ನು ಬಲ್ಲವರು ಇರುವಾಗಲೇ ಈ ಕೆಲಸ ಆಗಬೇಕು. ಇಲ್ಲವಾದರೆ ನಮ್ಮ ಸಂಗ್ರಹಗಳಲ್ಲಿ ಉಳಿಯುವುದು ಬರಿದಾದ ಗಡಿಗೆಗಳು ಮಾತ್ರ.