ಮುಂಬಯಿ ಬೇಸಿಗೆಯ ಹೀರೋ... ಸಮುದ್ರದ ಗಾಳಿ!

ಮುಂಬಯಿ ಅಂದ ಕೂಡಲೇ ಸಿನಿಮಾದವರಿಗೆ ನೆನಪಾಗೋದು ಮಳೆ. ‘ಶ್ರೀ 420’ (1955) ಚಿತ್ರದಲ್ಲಿ ರಾಜ್ ಕಪೂರ್-ನರ್ಗಿಸ್ ಒಂದೇ ಕೊಡೆಯಡಿ ನಿಂತರು. ‘ಮಂಜಿಲ್’ (1979) ಚಿತ್ರದಲ್ಲಿ ಅಮಿತಾಭ್-ಮೌಶುಮಿ ರಸ್ತೆ ತುಂಬಾ ನೆನೆದು ತೊಪ್ಪೆಯಾದರು. ಪಡ್ಡೆ ಹುಡುಗರು ಶಿಳ್ಳೆ ಹೊಡೆದೇ ಹೊಡೆದರು! ಆದರೆ ಪಾಪ, ಬೇಸಿಗೆ? ಅದಕ್ಕೆ ಸಿಕ್ಕಿದ್ದು ಬರೀ ಎಕ್ಸ್‌ಟ್ರಾ ಪಾತ್ರ. ಅಸಲಿ ಮುಂಬಯಿ ನೋಡಬೇಕಾದರೆ ಏಪ್ರಿಲ್-ಮೇನಲ್ಲೇ ನೋಡಬೇಕು ಕಣ್ರೀ!

“ಬೆವರು ಸುರಿಯುತ್ತಲ್ಲ ಸ್ವಾಮಿ!” ಅಂತೀರಾ? ಸುರಿಯುತ್ತೆ, ಸುಳ್ಳಲ್ಲ. ಏಳು ದ್ವೀಪ ಸೇರಿಸಿ ಕಟ್ಟಿದ ಊರು, ಗಾಳಿಯಲ್ಲೇ ನೀರು. ಇಸ್ತ್ರಿ ಷರ್ಟು ಲೋಕಲ್ ಟ್ರೇನ್ ಇಳಿಯೋದರೊಳಗೆ ಮುದ್ದೆ. 1956ರ ಮಾರ್ಚ್‌ನಲ್ಲಂತೂ ಒಂದು ದಿನ 41.7 ಡಿಗ್ರಿ! ಆದರೆ ರಾಯಚೂರು, ಕಲಬುರಗಿ ಬಿಸಿಲು ಕಂಡವರಿಗೆ ಮೇ ತಿಂಗಳ 33-34 ಡಿಗ್ರಿ ಯಾವ ಲೆಕ್ಕ? ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಬಿಸಿಗಾಳಿ ಮೇಲಕ್ಕೇರುತ್ತೆ. ಆ ಜಾಗಕ್ಕೆ ಅರಬ್ಬಿ ಸಮುದ್ರದಿಂದ ತಂಪುಗಾಳಿ ನುಗ್ಗುತ್ತೆ. ಹೀರೋ ಎಂಟ್ರಿ ಅಂದ್ರೆ ಇದು! ಇವನು ತಡಮಾಡಿದ ದಿನವೇ ಊರು ಬೇಯೋದು.

ಸಂಜೆಯಾಯಿತೋ, ಇಡೀ ಊರು ಚೌಪಾಟಿಗೆ. ಕಾಲಾ ಖಟ್ಟಾ ಗೋಲಾ ಚೀಪಿದರೆ ನಾಲಿಗೆ ನೇರಳೆಹಣ್ಣಿನ ಬಣ್ಣ! ಕುಲ್ಫಿ ಇದೆ, ಮಾವಿನಕಾಯಿ ಬೇಯಿಸಿ ಮಾಡಿದ ಪನ್ಹೆ ಇದೆ, ಅವರ ತಾಡ್‌ಗೋಲಾ ಅಂದ್ರೆ ನಮ್ಮ ತಾಟಿನುಂಗು ಇದೆ. ರತ್ನಾಗಿರಿ, ದೇವಗಡದ ಆಪೂಸ್ ಮಾವಿನ ವಾಸನೆಗೇ ಅರ್ಧ ಹೊಟ್ಟೆ ತುಂಬುತ್ತೆ. ರೇಟು ಕೇಳಿದರೆ ಉಳಿದರ್ಧ!

ಜೇಬು ಖಾಲಿಯೋ? ಚಿಂತೆಯಿಲ್ಲ. ಮರೀನ್ ಡ್ರೈವ್ ಕಟ್ಟೆಗೆ ಟಿಕೆಟ್ಟಿಲ್ಲ. ಬಾಲ್ಕನಿ, ಗಾಂಧಿಕ್ಲಾಸು ಅನ್ನೋ ಭೇದವೂ ಇಲ್ಲ. ಒಂದೇ ಖೋಲಿಯಲ್ಲಿ ಎಂಟು ಜನ ಮಲಗೋ ಹುಡುಗನಿಗೆ ಕೈಕಾಲು ಚಾಚಿ ಉಸಿರಾಡೋಕೆ ಸಿಗೋ ಜಾಗ ಅದು. ಹಗಲು ಉಡುಪಿ ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ನಮ್ಮ ಕರಾವಳಿ ಹುಡುಗರನ್ನು ಕೇಳಿ ನೋಡಿ. ಊರಿಗೆ ಹೋಗೋಕೆ ಬಸ್ ಚಾರ್ಜಿಲ್ಲದಿದ್ದರೂ ಊರಿನ ಕಡಲೇ ಎದುರಿಗಿತ್ತು. ಮಲ್ಪೆಗೆ ಬಡಿಯೋ ಸಮುದ್ರವೇ ಅಲ್ಲಿಗೂ ಬಡಿಯೋದು!

ಬಸ್ ಅಂದಾಗ ನೆನಪಾಯ್ತು. ಜಾನಿ ವಾಕರ್ ಸಿನಿಮಾಕ್ಕೆ ಬರೋ ಮುಂಚೆ ಮುಂಬಯಿಯ ‘ಬೆಸ್ಟ್’ ಬಸ್ಸಿನ ಕಂಡಕ್ಟರ್! ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ನಿರ್ಮಿಸಿದ ‘ಸಿ.ಐ.ಡಿ.’ (1956) ಚಿತ್ರದಲ್ಲಿ ಇದೇ ಮುಂಬಯಿಯನ್ನು ರೇಗಿಸೋ ಹಾಡಿಗೆ ತುಟಿ ಕುಣಿಸಿದರು. ಹಳೇ ಡಬಲ್ ಡೆಕ್ಕರ್‌ನ ಮೇಲಂತಸ್ತಿನ ಮುಂದಿನ ಸೀಟಿಗೆ ಹುಡುಗರ ನಡುವೆ ಯುದ್ಧವೇ ನಡೀತಿತ್ತು. ಬಡವರ ಏರ್‌ಕಂಡೀಷನ್ ಅದು. 2023ರ ಸೆಪ್ಟೆಂಬರ್‌ನಲ್ಲಿ ಆ ಬಸ್ಸುಗಳಿಗೆ ‘ಶುಭಂ’ ಬಿತ್ತು. ಈಗಿನವು ಎ.ಸಿ. ಬಸ್ಸು. ತಂಪಿದೆ, ಆದರೆ ಮುಖಕ್ಕೆ ಬಡಿಯೋ ಆ ಗಾಳಿ ಎಲ್ಲಿ?

ಚಿತ್ರಮಂದಿರದ ಕಥೆಯೂ ಅಷ್ಟೇ. 1933ರ ರೀಗಲ್, 1938ರ ಮೆಟ್ರೋ... ಒಂದು ಕಾಲಕ್ಕೆ ಬಿಸಿಲಿನಿಂದ ತಪ್ಪಿಸಿಕೊಂಡವರ ಅರಮನೆಗಳು. ಮೆಟ್ರೋ ಈಗ ಮಲ್ಟಿಪ್ಲೆಕ್ಸ್. ಮುಂಬಯಿ ಸೆಂಟ್ರಲ್ ಹತ್ತಿರದ ಮರಾಠಾ ಮಂದಿರ ಮಾತ್ರ ಶಾರುಖ್-ಕಾಜೋಲ್ ಜೋಡಿಯ 1995ರ ಚಿತ್ರವನ್ನು 1000 ವಾರ ದಾಟಿಸಿತು. ಬಸ್ಸಿಗೆ ಕಾಯೋ ಬಡಪಾಯಿ ಬಿಸಿಲಿಳಿಯುವವರೆಗೆ ಕತ್ತಲಲ್ಲಿ ಕೂತು ಪ್ರೀತಿ ಮಾಡಿದ್ದು ಇಂಥ ಥಿಯೇಟರುಗಳಲ್ಲೇ.

ತಂಪಿಗೆಲ್ಲಾ ರೇಟು ಬೀಳ್ತಿರೋ ಕಾಲವಿದು, ಮಿತ್ರರೇ. ಕಟ್ಟೆಯ ಮೇಲಿನ ಗಾಳಿಗೆ ಮಾತ್ರ ಇನ್ನೂ ಯಾರೂ ಬುಕಿಂಗ್ ಕೌಂಟರ್ ತೆರೆದಿಲ್ಲ. ಜೂನ್ ಎರಡನೇ ವಾರದ ಹೊತ್ತಿಗೆ ಮಳೆರಾಯನ ಚಿತ್ರ ರಿಲೀಸ್. ಅದಕ್ಕೂ ಮುಂಚೆ ಒಂದು ಸಂಜೆ ಹೋಗಿ ಕೂತು ಬನ್ನಿ. ದಿನಾ ಹೌಸ್‌ಫುಲ್, ಆದರೂ ಜಾಗ ಸಿಗುತ್ತೆ!