ಓಟಿಪಿ ಯಾರ ಫೋನಿಗೆ ಬರುತ್ತೆ?

2023, ಮುಂಗಾರು ಕೈಕೊಟ್ಟ ವರ್ಷ. ನಮ್ಮದು ಚಳ್ಳಕೆರೆ ಕಡೆಯ ಕೆಂಪು ನೆಲ, ಏಳು ಎಕರೆ, ಪೂರ್ತಿ ಮಳೆ ನಂಬಿದ ಬೇಸಾಯ. ಶೇಂಗಾ ನಡುವೆ ತೊಗರಿ ಅಕ್ಕಡಿ ಹಾಕಿದ್ದೆ. ಕಾಯಿ ಕಟ್ಟೋ ಹೊತ್ತಿಗೆ ಮಳೆ ಹೋಯಿತು. ಬಿತ್ತಿದ ಬೀಜದಷ್ಟೂ ಮನೆಗೆ ಬರಲಿಲ್ಲ. ಪಿಎಂ ಕಿಸಾನ್‌ನ ಎರಡು ಸಾವಿರದ ಕಂತಾದರೂ ಬಂದೀತು ಅಂತ ಕಾದೆ. ಅದೂ ಬರಲಿಲ್ಲ.

ಪೇಟೆಯ ಆನ್‌ಲೈನ್ ಅಂಗಡಿಗೆ ಹೋದೆ. ಹುಡುಗ ನೋಡಿ, "ಯಜಮಾನ್ರೇ, ನಿಮ್ದು ಇ-ಕೆವೈಸಿ ಆಗಿಲ್ಲ. ಈಗ ಓಟಿಪಿ ಕಳಿಸೀನಿ, ನಂಬರ್ ಹೇಳ್ರಿ" ಅಂದ. ನನ್ನ ಫೋನಿಗೆ ಏನೂ ಬರಲಿಲ್ಲ. ಆಧಾರಿಗೆ ಜೋಡಿಸಿದ್ದು ಹಳೇ ನಂಬರು. ಕರೆನ್ಸಿ ಹಾಕಿಸದೆ ಅದು ಸತ್ತು ವರ್ಷದ ಮೇಲಾಗಿತ್ತು. ಆ ನಂಬರಿಗೇ ಫೋನ್ ಮಾಡಿದೆ. ಯಾವುದೋ ಊರಿನ ಹೆಣ್ಣುಮಗಳು ಎತ್ತಿ "ರಾಂಗ್ ನಂಬರ್" ಅಂದು ಇಟ್ಟಳು. ಹೆಬ್ಬೆಟ್ಟು ಒತ್ತೋಣ ಅಂದ್ರೆ, ಕಳೆ ಕಿತ್ತು ಸವೆದ ಬೆರಳನ್ನು ಯಂತ್ರ ಒಪ್ಪಲಿಲ್ಲ. ಹೀಗೆ ಎರಡು ಕಂತು, ನಾಲ್ಕು ಸಾವಿರ ರೂಪಾಯಿ ನಿಂತುಹೋಯಿತು.

ಹೊಲ ನನ್ನದು, ಆಧಾರ್ ನನ್ನದು, ದುಡ್ಡು ನನ್ನ ಹೆಸರಿನದು. ಬೀಗದ ಕೈ ಮಾತ್ರ ಗುರುತಿಲ್ಲದ ಹೆಣ್ಣುಮಗಳ ಹತ್ತಿರ! ಅವತ್ತಿಂದ ಈ ವಿಷಯ ಬೆನ್ನುಹತ್ತಿದೆ. ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಬೀಗ ಹೊಸದು

ಭೂಮಿ ಯೋಜನೆ ಬಂದ ಕಾಲಕ್ಕೆ ಪಹಣಿ ಕಂಪ್ಯೂಟರಿಗೆ ಹೋಯಿತು. ತಾಲ್ಲೂಕು ಕಚೇರಿಯಲ್ಲಿ ಪಹಣಿ ತಿದ್ದೋ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಕಂಪ್ಯೂಟರಿನ ಒಳಗೆ ಹೋಗಬೇಕಿತ್ತು. ಪಾಸ್‌ವರ್ಡ್ ಆದ್ರೆ ಒಬ್ಬರದು ಇನ್ನೊಬ್ಬರು ಬಳಸಿ, ಆಮೇಲೆ ನಾನಲ್ಲ ಅನ್ನಬಹುದು. ಬೆರಳು ಕೊಟ್ಟ ಮೇಲೆ ಹಾಗನ್ನಲು ಬರುವುದಿಲ್ಲ.

ಆಗ ಬಾಗಿಲು ತೆಗೆಯುವವರು ಕಚೇರಿಯವರು. ಈಗ ನಾವೇ ತೆಗೆಯಬೇಕು. ಸೇವಾ ಸಿಂಧು, ಫ್ರೂಟ್ಸ್, ಪಿಎಂ ಕಿಸಾನ್, ಎಲ್ಲ ಕಡೆಯೂ ಫೋನ್ ನಂಬರು, ಓಟಿಪಿ. 2024ರಲ್ಲಿ ಪಹಣಿಗೂ ಆಧಾರ್ ಜೋಡಿಸುವ ಕೆಲಸ ನಡೆಯಿತು. ಒಂದು ಸಿಮ್ಮಿನ ಮೇಲೆ ಎಷ್ಟು ಭಾರ ಬಿದ್ದಿದೆ ಯೋಚನೆ ಮಾಡಿ.

ಮೊದಲು ನಂಬರು ಸರಿಮಾಡಿ

ನಮ್ಮ ಬೀದಿಯಲ್ಲಿ ವಿಚಾರಿಸಿದೆ. ಒಬ್ಬರಿಗೆ ಅಂಗಡಿ ಹುಡುಗನ ನಂಬರು, ಇನ್ನೊಬ್ಬರಿಗೆ ಬೆಂಗಳೂರಿಗೆ ಹೋದ ಮೈದುನನ ನಂಬರು, ಮತ್ತೊಬ್ಬ ಅಜ್ಜಿಗೆ ನಂಬರೇ ಇಲ್ಲ. ಅರ್ಜಿ ಹಾಕುವಾಗ "ಯಾವುದಾದ್ರೂ ಒಂದು ಹಾಕಪ್ಪ" ಅಂದಿದ್ದರ ಫಲ ಇದು.

ಆಧಾರಿಗೆ ಜೋಡಿಸಿದ ನಂಬರನ್ನು ಆಧಾರ್ ಕೇಂದ್ರಕ್ಕೆ ಹೋಗಿ ಬದಲಿಸಬಹುದು. ಪೋಸ್ಟ್‌ಮ್ಯಾನ್ ಮೂಲಕವೂ ಮಾಡಿಸಬಹುದು. ನನಗೆ ಒಂದು ದಿನದ ಕೆಲಸ ಕೆಟ್ಟಿತು, ಅಷ್ಟೇ. ಬದಲಾದ ಮೇಲೆ ಬ್ಯಾಂಕಿನಲ್ಲಿ, ರೈತ ಸಂಪರ್ಕ ಕೇಂದ್ರದಲ್ಲಿ, ಸೇವಾ ಸಿಂಧುವಿನಲ್ಲಿ ಕೂಡ ಅದೇ ನಂಬರು ಬರೆಸಿ. ಅನುಮಾನ ಇದ್ದರೆ ಆಧಾರ್ ಸಹಾಯವಾಣಿ 1947ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ.

ಸಿಮ್ ಸಾಯಲು ಬಿಡಬೇಡಿ. ಪ್ರೀಪೇಯ್ಡ್ ಸಿಮ್ಮನ್ನು 90 ದಿನ ಬಳಸದೆ ಬಿಟ್ಟು, ಅದರಲ್ಲಿ 20 ರೂಪಾಯಿಯೂ ಇಲ್ಲದಿದ್ದರೆ ಕಂಪನಿಯವರು ನಂಬರು ಕಡಿಯಬಹುದು. ಕಡಿದ ನಂಬರನ್ನು ಕನಿಷ್ಠ 90 ದಿನ ಬಿಟ್ಟು ಬೇರೆಯವರಿಗೆ ಕೊಡುತ್ತಾರೆ. ನನ್ನದು ಹೋಗಿದ್ದು ಹೀಗೆಯೇ.

ಪಾಸ್‌ವರ್ಡ್ ಮತ್ತು ಎರಡನೇ ಬೀಗ

ಅಂಗಡಿಯವರಿಗೆ ನೂರಾರು ಜನರ ಅರ್ಜಿ. ನೆನಪಿಗೆ ಸುಲಭ ಆಗಲಿ ಅಂತ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಹಾಕಿಬಿಡುತ್ತಾರೆ. ಮನೆಗೆ ಬಂದು ಅದನ್ನು ಬದಲಾಯಿಸಿ. ಹೊಲದ ಹೆಸರು, ಸತ್ತ ಎತ್ತಿನ ಹೆಸರು, ಬೋರು ತೆಗೆಸಿದ ವರ್ಷ, ಹೀಗೆ ನಿಮಗಷ್ಟೇ ಗೊತ್ತಿರೋ ಮೂರನ್ನು ಸೇರಿಸಿ. ಬ್ಯಾಂಕಿನ ಪಾಸ್‌ವರ್ಡನ್ನೇ ಇಲ್ಲಿಗೂ ಇಡಬೇಡಿ. ಮರೆಯುವುದಾದರೆ ನೋಟ್‌ಬುಕ್ಕಿನಲ್ಲಿ ಬರೆದು ಪೆಟ್ಟಿಗೆಯಲ್ಲಿಡಿ. ಫೋನಿನ ಕವರಿನೊಳಗೆ ಚೀಟಿ ಇಡುವುದು, ಬಾಗಿಲಿಗೆ ಬೀಗ ಹಾಕಿ ಕೈ ಅಲ್ಲೇ ನೇತುಹಾಕಿದ ಹಾಗೆ.

ಒಂದಕ್ಕಿಂತ ಎರಡು ಬೀಗ ಮೇಲು. ಕಾಗದಪತ್ರ ಇಡುವ ಡಿಜಿಲಾಕರ್‌ನಲ್ಲಿ ಓಟಿಪಿ ಜೊತೆ ಆರು ಅಂಕಿಯ ಪಿನ್ ಇದೆ. ಫೋನು ಕಳ್ಳನ ಕೈಗೆ ಸಿಕ್ಕರೂ ಪಿನ್ ನಮ್ಮ ತಲೆಯಲ್ಲಿರುತ್ತದೆ. ಹುಟ್ಟಿದ ವರ್ಷವನ್ನು ಪಿನ್ ಮಾಡಬೇಡಿ, ಅದು ಆಧಾರ್ ಕಾರ್ಡಿನ ಮೇಲೇ ಇದೆ.

ನಮ್ಮ ಪಕ್ಕದ ಹೊಲದವನ ಕಥೆ ಕೇಳಿ. ವಾಟ್ಸಾಪಿನಲ್ಲಿ ಪಿಎಂ ಕಿಸಾನ್ ಹೆಸರಿನ ಎಪಿಕೆ ಫೈಲು ಬಂತು. ಒತ್ತಿದ. ಫೋನಿಗೆ ಬಂದ ಓಟಿಪಿಯೆಲ್ಲ ಕಳ್ಳನಿಗೂ ಕಾಣತೊಡಗಿತು. ಶೇಂಗಾ ಮಾರಿದ ದುಡ್ಡು ಸಂಜೆಯೊಳಗೆ ಖಾಲಿ. ಅವನು ಯಾರಿಗೂ ಓಟಿಪಿ ಹೇಳಿರಲಿಲ್ಲ, ಆದರೂ ಹೋಯಿತು. ಆದ್ದರಿಂದ ಮೆಸೇಜಿನಲ್ಲಿ ಬಂದ ಲಿಂಕು, ಫೈಲು ಮುಟ್ಟಬೇಡಿ. ನಮ್ಮ ರಾಜ್ಯ ಸರಕಾರದ ಪುಟದ ವಿಳಾಸ 'ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್' ಅಂತ, ಕೇಂದ್ರದ್ದು 'ಜಿಒವಿ ಡಾಟ್ ಇನ್' ಅಂತ ಮುಗಿಯುತ್ತದೆ. ಮುಂದೆ ಇನ್ನೇನಾದರೂ ಬಾಲ ಅಂಟಿಕೊಂಡಿದ್ದರೆ ಅದು ಬೇರೆಯವರದು.

ಹೆಬ್ಬೆಟ್ಟಿಗೂ ಬೀಗ ಇದೆ

ಪಾಸ್‌ವರ್ಡ್ ಕದ್ದರೆ ಬದಲಾಯಿಸಬಹುದು, ಹೆಬ್ಬೆಟ್ಟು ಬದಲಾಯಿಸಲಾದೀತೇ? ಬೆರಳು, ಆಧಾರ್ ನಂಬರು, ಬ್ಯಾಂಕಿನ ಹೆಸರು, ಇಷ್ಟಿದ್ದರೆ ಆಧಾರ್ ಮೂಲಕ ಹಣ ತೆಗೆಯಬಹುದು. ಓಟಿಪಿ ಬೇಕಿಲ್ಲ. ನೋಂದಣಿ ಪತ್ರಗಳಿಂದ ಬೆರಳ ಗುರುತು ನಕಲು ಮಾಡಿ ಹಣ ತೆಗೆದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಬೆಳಕಿಗೆ ಬಂದವು.

ಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಅಂತ ಇದೆ. ಹಾಕಿದರೆ ನಮ್ಮ ಬೆರಳು ಯಾವ ಯಂತ್ರದಲ್ಲೂ ನಡೆಯುವುದಿಲ್ಲ. ರೇಷನ್ ಅಂಗಡಿಯಲ್ಲೂ ನಡೆಯುವುದಿಲ್ಲ, ಇದು ನೆನಪಿರಲಿ. ಅಕ್ಕಿ ತರುವ ದಿನ ಸ್ವಲ್ಪ ಹೊತ್ತಿಗೆ ಮಾತ್ರ ತೆಗೆಯಬಹುದು. ಇದಕ್ಕೂ ಆಧಾರಿಗೆ ನಿಮ್ಮದೇ ನಂಬರು ಇರಬೇಕು. ನನ್ನಂತೆ ಬೆರಳು ಸವೆದವರಿಗೆ ಪಿಎಂ ಕಿಸಾನ್ ಆ್ಯಪಿನಲ್ಲಿ 2023ರಿಂದ ಮುಖ ತೋರಿಸಿ ಇ-ಕೆವೈಸಿ ಮಾಡುವ ದಾರಿಯೂ ಇದೆ.

ರಾಶಿ ಮೇಲಿನ ಬೂದಿ

ಹಿಂದೆ ಕಣದಲ್ಲಿ ರಾಶಿ ಬಿಟ್ಟು ಊಟಕ್ಕೆ ಬರುವಾಗ ಅದರ ಮೇಲೆ ಬೂದಿ ಗೆರೆ ಎಳೆದು ಬರುತ್ತಿದ್ದೆವು. ಬೂದಿ ಕಳ್ಳನನ್ನು ತಡೆಯುವುದಿಲ್ಲ, ಆದರೆ ಯಾರೋ ಕೈಹಾಕಿದ್ದಾರೆ ಅಂತ ಹೇಳುತ್ತದೆ. ಆಧಾರ್ ಪುಟದಲ್ಲೂ ಅಂಥದ್ದೊಂದಿದೆ. ನಮ್ಮ ಆಧಾರನ್ನು ಕಳೆದ ಆರು ತಿಂಗಳಲ್ಲಿ ಎಲ್ಲೆಲ್ಲಿ ಬಳಸಿದ್ದಾರೆ ಅಂತ ಪಟ್ಟಿ ತೋರಿಸುತ್ತದೆ. ಮಗಳ ಕೈಲಿ ತಿಂಗಳಿಗೊಮ್ಮೆ ಓದಿಸುತ್ತೇನೆ. ನಾವು ಹೋಗದ ದಿನ ಬಳಕೆ ಕಂಡರೆ ಕೂಡಲೇ 1947ಕ್ಕೆ ಹೇಳಬೇಕು. ಹಣ ಹೋಗಿದ್ದರೆ ನಾಚಿಕೆ ಬಿಟ್ಟು ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ತಡಮಾಡಿದಷ್ಟೂ ಹಣ ಕೈಯಿಂದ ಕೈಗೆ ದಾಟಿಹೋಗುತ್ತದೆ.

ನನ್ನ ಎರಡು ಕಂತು ಕೊನೆಗೂ ಬಂತು. ಆದರೆ ಬಿತ್ತನೆಗೆ ಬೇಕಾದಾಗ ಬರಲಿಲ್ಲ, ಬೀಜಕ್ಕೆ ಸಾಲವೇ ಗತಿಯಾಯಿತು. ಮಳೆ ನಮ್ಮ ಕೈಯಲ್ಲಿಲ್ಲ. ನಂಬರು ನಮ್ಮ ಕೈಯಲ್ಲಿದೆ. ಈ ವಾರ ಬಿಡುವಾದಾಗ ಮನೆಯ ಹಿರಿಯರ ಆಧಾರಿಗೆ ಯಾವ ನಂಬರಿದೆ, ಆ ಫೋನು ಯಾರ ಜೇಬಿನಲ್ಲಿದೆ, ಇಷ್ಟು ನೋಡಿ. ಇದಕ್ಕಿಂತ ಸುಲಭದ ಉಪಾಯ ಕಂಡುಕೊಂಡವರು ಪತ್ರಿಕೆಗೆ ಬರೆಯಿರಿ, ಎಲ್ಲರಿಗೂ ಅನುಕೂಲ.